ಮುಟ್ಟು ನಿಂತ ಮೇಲಿನ ಮದ್ದು



ನಡುರಾತ್ರಿ ಮೈಗೆಲ್ಲ ಬೆಂಕಿ ಹತ್ತಿದಂತಾಗಿ, ರವಕೆ ತೊಯ್ದು ಎಚ್ಚರವಾಗುವುದುಂಟು. ಬದಿಯಡ್ಕದ ಕಡೆ ನಾವು ಇದನ್ನು 'ಉಷ್ಣ' ಎಂದು ಪುನರ್ಪುಳಿ ಸಾರು ಕುಡಿದು ಮಲಗುತ್ತೇವೆ. ಸಾರು ರುಚಿಯೇನೋ ಹೌದು. ಆದರೆ ಇದು ಹೊಟ್ಟೆಯ ಉಷ್ಣವಲ್ಲ. ಮುಟ್ಟು ನಿಲ್ಲುವ ಕಾಲಕ್ಕೆ ಅಂಡಾಶಯದಿಂದ ಬರುವ ಈಸ್ಟ್ರೋಜೆನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ. ಆಗ ಮೈಯ ಶಾಖವನ್ನು ಹತೋಟಿಯಲ್ಲಿಡುವ ಮೆದುಳಿನ ಭಾಗ ಲೆಕ್ಕ ತಪ್ಪುತ್ತದೆ. ಮೂಳೆಯೂ ಸವೆಯತೊಡಗುತ್ತದೆ.

ನನ್ನ ಪರಿಚಯದ ಅಕ್ಕ ಒಬ್ಬರಿಗೆ 42ನೇ ವಯಸ್ಸಿನಲ್ಲಿ ಗರ್ಭಕೋಶದೊಂದಿಗೆ ಎರಡೂ ಅಂಡಾಶಯ ತೆಗೆದರು. ಮಂಗಳೂರಿನ ಡಾಕ್ಟ್ರೊಬ್ಬರು ಚರ್ಮಕ್ಕೆ ಹಚ್ಚುವ ಈಸ್ಟ್ರೋಜೆನ್ ಜೆಲ್ ಬರೆದುಕೊಟ್ಟರು. ನಿದ್ದೆ ಬಂತು, ಅಡಿಕೆ ಸುಲಿಯಲು ಕೂರುವ ಉಮೇದೂ ಬಂತು. ಎರಡು ವರ್ಷ ಕಳೆದು ಆ ಡಾಕ್ಟ್ರು ಊರು ಬಿಟ್ಟರು. ಚೀಟಿ ಹಿಡಿದು ಬೇರೆಯವರಲ್ಲಿ ಹೋದರೆ, "ಇನ್ನು ಸಾಕಮ್ಮ, ಕ್ಯಾನ್ಸರ್ ಬಂದೀತು" ಎಂದರು. ಮತ್ತೊಬ್ಬರು ಚೀಟಿಯನ್ನು ಓದದೆಯೇ ನಿದ್ದೆ ಗುಳಿಗೆ ಬರೆದರು. ತಿಂಗಳೊಳಗೆ ಉರಿ, ಬೆವರು ಎಲ್ಲ ಮರಳಿ ಬಂತು.

ಡಾಕ್ಟ್ರುಗಳ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. 2002ರ ಜುಲೈಯಲ್ಲಿ ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ದೊಡ್ಡ ಅಧ್ಯಯನವೊಂದನ್ನು ಅರ್ಧದಲ್ಲೇ ನಿಲ್ಲಿಸಿದರು. ಈಸ್ಟ್ರೋಜೆನ್ ಜೊತೆಗೆ ಪ್ರೊಜೆಸ್ಟಿನ್ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಮಂದಿಗೆ 8ರಂತೆ ಸ್ತನ ಕ್ಯಾನ್ಸರ್ ಹೆಚ್ಚು ಕಂಡಿತು. ಪತ್ರಿಕೆಗಳು ಇದನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿದವು. ಅಧ್ಯಯನಕ್ಕೆ ಸೇರಿದಾಗ ಅವರ ಸರಾಸರಿ ಪ್ರಾಯ 63 ಎಂಬುದು ಸಣ್ಣಕ್ಷರದಲ್ಲಿ ಉಳಿಯಿತು. ಗರ್ಭಕೋಶ ತೆಗೆದು ಈಸ್ಟ್ರೋಜೆನ್ ಮಾತ್ರ ಪಡೆದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ನಮ್ಮ ಅಕ್ಕ ಈ ಗುಂಪಿಗೆ ಸೇರಿದವರು! ಅದೂ ಇನ್ನೂ 44 ದಾಟದವರು. ಇಷ್ಟು ಬೇಗ ಅಂಡಾಶಯ ಕಳಕೊಂಡವರಿಗೆ, ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಕೊಡಬೇಕೆಂದೇ ತಜ್ಞರ ಸಲಹೆ. ಮೂಳೆಗೂ ಹೃದಯಕ್ಕೂ ಅದು ರಕ್ಷಣೆ.

ಉಳಿದವರಿಗೂ, 60ರ ಒಳಗೆ ಅಥವಾ ಮುಟ್ಟು ನಿಂತು 10 ವರ್ಷದೊಳಗೆ ಆರಂಭಿಸಿದರೆ, ತೊಂದರೆ ತೀವ್ರವಿದ್ದಲ್ಲಿ ಸಾಮಾನ್ಯವಾಗಿ ಲಾಭವೇ ಹೆಚ್ಚು. ಇಷ್ಟೇ ವರ್ಷ ಎಂಬ ಗಡುವಿಲ್ಲ. ವರ್ಷಕ್ಕೊಮ್ಮೆ ಪರೀಕ್ಷಿಸಿ ಮುಂದುವರಿಸುವುದೋ ಎಂದು ನೋಡಬೇಕು. ಗರ್ಭಕೋಶ ಇರುವವರಿಗೆ ಈಸ್ಟ್ರೋಜೆನ್ ಒಂದನ್ನೇ ಕೊಡಬಾರದು, ಪ್ರೊಜೆಸ್ಟರಾನ್ ಜೊತೆಗಿರಲೇಬೇಕು. ಸ್ತನ ಕ್ಯಾನ್ಸರ್ ಆದವರು, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು, ಪಕ್ಷವಾತವಾದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ತಾವಾಗಿ ಮದ್ದಿನಂಗಡಿಗೆ ಹೋಗಿ ಕೇಳಬಾರದು. ರಕ್ತ ಹೆಪ್ಪುಗಟ್ಟುವ ಭಯ ಗುಳಿಗೆಗಿಂತ ಜೆಲ್‌ನಲ್ಲಿ ಕಡಿಮೆ.

ನಮ್ಮಲ್ಲಿ ಇನ್ನೊಂದು ತೊಡಕು ಭಾಷೆಯದು. ಮನೆಯಲ್ಲಿ ಕನ್ನಡ, ತುಳು, ಆಸ್ಪತ್ರೆಯಲ್ಲಿ ಮಲಯಾಳ, ಚೀಟಿಯಲ್ಲಿ ಇಂಗ್ಲಿಷು. "ಉರಿ" ಎಂದಷ್ಟೇ ಹೇಳಿದರೆ ಮೂತ್ರದ ಉರಿಯೆಂದು ತಿಳಿದು ಆ ಪರೀಕ್ಷೆಗೆ ಕಳಿಸಿಯಾರು. ಮುಟ್ಟು ನಿಲ್ಲುವುದಕ್ಕೆ ಮಲಯಾಳದಲ್ಲಿ 'ಆರ್ತವವಿರಾಮಂ' ಎನ್ನುತ್ತಾರೆ, ಈ ಒಂದು ಪದ ನೆನಪಿರಲಿ.

ಮಂಗಳೂರನ್ನೇ ನೆಚ್ಚಿಕೊಂಡರೆ ಏನಾಗುತ್ತದೆಂದು 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಕಂಡೆವು. ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾದರೂ ಹೊರರೋಗಿ ವಿಭಾಗ ತೆರೆದದ್ದು 2022ರಲ್ಲಿ.

ಆ ಅಕ್ಕ ಕೊನೆಗೆ ಮಗಳಿಂದ ಒಂದು ಹಾಳೆ ಬರೆಸಿದರು: ಶಸ್ತ್ರಚಿಕಿತ್ಸೆಯ ವರ್ಷ, ಏನೇನು ತೆಗೆದದ್ದು, ಜೆಲ್‌ನ ಅಳತೆ, ನಿಲ್ಲಿಸಿದ ತಾರೀಕು, ರಾತ್ರಿಗೆ ಎಷ್ಟು ಸಲ ಎಚ್ಚರ. ಕೆಳಗೆ ಒಂದು ಪ್ರಶ್ನೆ: "ನನಗೆ ಇದನ್ನು ಕೊಡಬಾರದೆಂಬುದಕ್ಕೆ ನನ್ನ ಮೈಯಲ್ಲಿರುವ ಕಾರಣ ಯಾವುದು?" ಮೂರನೆಯ ಡಾಕ್ಟ್ರು ಹಾಳೆಯನ್ನು ಎರಡು ಸಲ ಓದಿದರು. ರಕ್ತದೊತ್ತಡ ನೋಡಿ, ಸ್ತನ ಪರೀಕ್ಷೆ ಮಾಡಿಸಿ, ಆರು ತಿಂಗಳಿಗೆ ಜೆಲ್ ಬರೆದುಕೊಟ್ಟರು. ಚೀಟಿಯ ನಕಲು ಮಾಡಿಸಿ ಒಂದನ್ನು ಅಕ್ಕ ರೇಷನ್ ಕಾರ್ಡಿನೊಳಗೆ ಇಟ್ಟಿದ್ದಾರೆ.