ಹಿಂದೆ ನಿಂತವನು ಮತ್ತು ಮುಂದಿನ ಹನ್ನೆರಡು ಮಂದಿ

(ಸುವರ್ಣ ಮಹೋತ್ಸವದ ಎರಡನೆಯ ದಿನ ಕ್ರೀಡಾಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಾಫ್ಟ್‌ವೇರ್ ಕೆಲಸದವನನ್ನು ಕರೆದರೆ ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿರುತ್ತೀರಿ. ಆದರೆ ಪಿ.ಟಿ. ಮೇಷ್ಟ್ರು ಫೋನ್ ಮಾಡಿ, "ಅದು ಬೇಡಪ್ಪ, ಆಸ್ಟ್ರೇಲಿಯಾದಲ್ಲಿ ಏನೋ ಆಟ ನೋಡ್ತಿದ್ದೆಯಂತಲ್ಲ, ಅದನ್ನ ಹೇಳು" ಎಂದರು. ನಾನು ಒಪ್ಪಿದ್ದಕ್ಕೆ ಕಾರಣವಿದೆ. ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘ ಈ ವರ್ಷದಿಂದ ಶಾಲೆಯ ಕಬಡ್ಡಿ ತಂಡಗಳಲ್ಲಿ ಒಬ್ಬ ಹುಡುಗನಿಗೆ, ಒಬ್ಬ ಹುಡುಗಿಗೆ ಉತ್ತಮ ಆಟದ ಬಹುಮಾನ ಕೊಡಲಿದೆ. ಯಾರಿಗೆ ಕೊಡುವುದು ಎಂದಾಗ ಸಭೆಯಲ್ಲಿ ಒಂದೇ ಸಲಹೆ ಬಂತು: ಹೆಚ್ಚು ಪಾಯಿಂಟ್ ತಂದವರಿಗೆ. ಆ ಸಲಹೆಗೆ ನನ್ನದೊಂದು ತಕರಾರಿದೆ. ಕೆಲಸದ ಮೇಲೆ ಬ್ರಿಸ್ಬೇನ್‌ನಲ್ಲಿದ್ದ ಮೂರು ವರ್ಷ ನೋಡಿದ ರಗ್ಬಿ ಲೀಗ್ ಆಟದಿಂದ ಹುಟ್ಟಿದ ತಕರಾರು ಅದು.

ಮೊದಲು ಆಟ ಹೇಳಿಬಿಡುತ್ತೇನೆ. ಒಂದು ಕಡೆಗೆ 13 ಮಂದಿ, 40 ನಿಮಿಷದ ಎರಡು ಅವಧಿ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡಿ ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ 4 ಅಂಕ. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ, ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಕಬಡ್ಡಿಯ ಹಾಗೆಯೇ ತಬ್ಬಿ ಕೆಡವುತ್ತಾರೆ, ಆದರೆ ಬಿದ್ದವನು ಔಟಲ್ಲ. ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಾನೆ, ಆಟ ಮುಂದುವರಿಯುತ್ತದೆ. ಆರನೆಯ ಸಲ ಬಿದ್ದರೆ ಮಾತ್ರ ಚೆಂಡು ಎದುರಾಳಿಯ ಪಾಲು. ಅದಕ್ಕೇ ಐದು ಸಲ ಬಿದ್ದ ಮೇಲೆ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದುಬಿಡುತ್ತಾರೆ. ಅದನ್ನು ಹಿಡಿಯಲು ಎಲ್ಲರ ಹಿಂದೆ ಒಬ್ಬ ಕಾದಿರುತ್ತಾನೆ. ಅವನೇ ಫುಲ್‌ಬ್ಯಾಕ್, ಅಂಗಿಯ ಮೇಲೆ 1ನೇ ನಂಬರು. ಮುಂದಿನ ಸಾಲು ಮುರಿದರೆ ಕೊನೆಯ ತಡೆಯೂ ಅವನೇ.

ಹಿಂದೆ ಈ ಜಾಗದವನು ಚೆಂಡು ಹಿಡಿಯುವುದು, ತಿರುಗಿ ಒದೆಯುವುದು, ಇಷ್ಟು ಮಾಡಿದರೆ ಸಾಕಿತ್ತು. 1950ರ ಆಸುಪಾಸಿನಲ್ಲಿ ಸಿಡ್ನಿಯ ಸೌತ್ ಸಿಡ್ನಿ ತಂಡದ ಕ್ಲೈವ್ ಚರ್ಚಿಲ್ ಒದೆಯುವ ಬದಲು ಚೆಂಡು ಹಿಡಿದು ಓಡತೊಡಗಿದ, ಆ ಜಾಗದ ಅರ್ಥವೇ ಬದಲಾಯಿತು. 1986ರಿಂದ ಅವನ ಹೆಸರಿನ ಪದಕವನ್ನು ಫೈನಲ್ ಪಂದ್ಯದ ಉತ್ತಮ ಆಟಗಾರನಿಗೆ ಕೊಡುತ್ತಾರೆ.

ಕಚೇರಿಯಲ್ಲಿ ಸೋಮವಾರ ಬೆಳಿಗ್ಗೆ ಚಹಾದ ಹೊತ್ತಿಗೆ 'ಯಾರು ದೊಡ್ಡ ಫುಲ್‌ಬ್ಯಾಕ್' ಎಂಬ ಜಗಳ ತಪ್ಪುತ್ತಿರಲಿಲ್ಲ. ನನ್ನ ಪಕ್ಕದ ಮೇಜಿನ ಹಿರಿಯರೊಬ್ಬರು ಮಾತ್ರ ಪ್ರತಿ ಸಲ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಯಾರ ಜೊತೆ ಆಡುವಾಗ?" ಮೊದಮೊದಲು ಇದು ನುಣುಚಿಕೊಳ್ಳುವ ಮಾತು ಅನ್ನಿಸಿತ್ತು. ಹಳೆಯ ಪಂದ್ಯಗಳನ್ನು ಹುಡುಕಿ ನೋಡುತ್ತಾ ಹೋದಂತೆ ಅದೇ ಸರಿಯಾದ ಪ್ರಶ್ನೆ ಎಂದು ಗೊತ್ತಾಯಿತು.

ಮೆಲ್ಬರ್ನ್ ಸ್ಟಾರ್ಮ್ ತಂಡದ ಬಿಲ್ಲಿ ಸ್ಲೇಟರ್‌ನನ್ನು ತೆಗೆದುಕೊಳ್ಳಿ. ಹುಡುಗನಾಗಿದ್ದಾಗ ರೇಸ್ ಕುದುರೆಗಳ ಲಾಯದಲ್ಲಿ ಕುದುರೆ ಓಡಿಸುತ್ತಿದ್ದವನು, ದೈತ್ಯ ದೇಹದವನಲ್ಲ. ಅವನ ಬಲವೆಲ್ಲ ಸಮಯದಲ್ಲಿತ್ತು. ಜೊತೆಗಾರನೊಬ್ಬ ಚೆಂಡು ತನಗೇ ಬರುತ್ತದೆ ಎಂಬಂತೆ ಮುಂದೆ ಓಡುತ್ತಾನೆ, ಎದುರಾಳಿಗಳು ಅವನ ಕಡೆ ವಾಲುತ್ತಾರೆ. ಚೆಂಡು ಅವನ ಬೆನ್ನ ಹಿಂದಿನಿಂದ ಹಾಯ್ದು, ಪೂರ್ತಿ ವೇಗದಲ್ಲಿ ಬರುವ ಸ್ಲೇಟರ್‌ಗೆ ಸೇರುತ್ತದೆ. ನೋಡುವವರ ಕಣ್ಣಿಗೆ ಕಾಣುವುದು ಸ್ಲೇಟರ್ ಮಾತ್ರ. ಆದರೆ ಚೆಂಡು ಕೊಡುವ ಕೂಪರ್ ಕ್ರಾಂಕ್ ಅರ್ಧ ಕ್ಷಣ ಮೊದಲೇ ಕೈಬಿಟ್ಟರೆ ಆ ಓಟಕ್ಕೆ ಬೆಲೆಯಿಲ್ಲ. ಕ್ರಾಂಕ್‌ಗೆ ಆ ಅರ್ಧ ಕ್ಷಣ ಉಳಿಸಿಕೊಡುವವನು, ಬಿದ್ದ ಜಾಗದಿಂದ ಚೆಂಡೆತ್ತಿ ಆಟದ ಲಯ ಹಿಡಿಯುವ ಕ್ಯಾಮರೂನ್ ಸ್ಮಿತ್. ಮೂವರೂ ಸೇರಿ ಮಾಡುತ್ತಿದ್ದ ಒಂದೇ ಕೆಲಸ ಅದು.

2018ರಲ್ಲಿ ಕ್ರಾಂಕ್ ಸಿಡ್ನಿ ರೂಸ್ಟರ್ಸ್ ಸೇರಿದ. ಅದೇ ವರ್ಷ ಅಲ್ಲಿಗೆ ಬಂದ ಫುಲ್‌ಬ್ಯಾಕ್ ಜೇಮ್ಸ್ ಟೆಡೆಸ್ಕೊ ಇನ್ನೊಂದು ಜಾತಿಯವನು. ಬೇರೆಯವರು ಬಾಗಿಲು ತೆರೆದುಕೊಡಲಿ ಎಂದು ಕಾಯುವುದಿಲ್ಲ. ಮೈದಾನದ ನಡುವೆ ಚೆಂಡು ತೆಗೆದುಕೊಂಡು, ಹಿಡಿಯಲು ಬಂದ ಕೈಗಳನ್ನು ಕೊಡವಿ ಹೋಗುತ್ತಾನೆ. ಆ ವರ್ಷದ ಫೈನಲ್ ರೂಸ್ಟರ್ಸ್‌ಗೂ ಮೆಲ್ಬರ್ನ್‌ಗೂ ನಡೆಯಿತು. ಸ್ಲೇಟರ್‌ಗೆ ಅದೇ ಕೊನೆಯ ಪಂದ್ಯ. ಇತ್ತ ಕ್ರಾಂಕ್‌ನ ಭುಜದ ಹಿಂದಿನ ಮೂಳೆ ಮುರಿದಿತ್ತು. ಆದರೂ ಅಂಗಳಕ್ಕಿಳಿದ. ಚೆಂಡು ಮುಟ್ಟಿದ್ದು ಕಡಿಮೆ, 'ನೀನು ಅಲ್ಲಿ ನಿಲ್ಲು, ನೀನು ಇಲ್ಲಿ ಬಾ' ಎಂದು ಹೇಳುವುದೇ ಅವನ ಕೆಲಸವಾಗಿತ್ತು. ಚೆಂಡು ಹಂಚುವ ಹೊಣೆ ಲ್ಯೂಕ್ ಕೀರಿಯ ಮೇಲೆ ಬಿತ್ತು. ಟೆಡೆಸ್ಕೊ ಓಡಿದ, ಒಂದು ಟ್ರೈ ಹೊಡೆದ. ರೂಸ್ಟರ್ಸ್ 21-6ರಿಂದ ಗೆದ್ದಿತು, ಪದಕ ಕೀರಿಗೆ ಹೋಯಿತು. ನನ್ನ ಅಂದಾಜು ಹೇಳುತ್ತೇನೆ, ನೀವು ಒಪ್ಪಬೇಕಾಗಿಲ್ಲ: ಕ್ರಾಂಕ್‌ನ ಕೈ ನಡೆಯದ ಆ ದಿನ, ಕ್ರಾಂಕ್‌ನ ಪಾಸನ್ನೇ ನಂಬಿದ ಫುಲ್‌ಬ್ಯಾಕ್ ಇದ್ದಿದ್ದರೆ ಅವರಿಗೆ ಕಷ್ಟವಾಗುತ್ತಿತ್ತು.

ನನಗೆ ಎಲ್ಲರಿಗಿಂತ ಇಷ್ಟವಾದವನು ಪೆನ್ರಿತ್ ತಂಡದ ಡಿಲನ್ ಎಡ್ವರ್ಡ್ಸ್. ಅವನ ಆಟದ ತುಣುಕುಗಳನ್ನು ಮೊಬೈಲಿನಲ್ಲಿ ಯಾರೂ ಕಳಿಸುವುದಿಲ್ಲ. ಒದ್ದ ಚೆಂಡನ್ನು ಹಿಡಿಯುತ್ತಾನೆ, ಎದುರಾಳಿಗಳ ಗುಂಪಿಗೇ ನುಗ್ಗುತ್ತಾನೆ, ಒಂದಿಷ್ಟು ಮೀಟರ್ ಗಳಿಸಿ ಬೀಳುತ್ತಾನೆ, ಏಳುತ್ತಾನೆ. ಸ್ವಲ್ಪ ಹೊತ್ತಿಗೆ ಮತ್ತೆ ಅವನೇ ಚೆಂಡು ಹೊರುತ್ತಾನೆ. ಒಂದು ಪಂದ್ಯದಲ್ಲಿ 200 ಮೀಟರ್ ದಾಟುವುದು ಅವನಿಗೆ ವಾಡಿಕೆ. ಲಾಭ ಯಾರಿಗೆ? ಅಷ್ಟೊತ್ತು ಎದುರಾಳಿಗಳನ್ನು ಕೆಡವಿ ಸುಸ್ತಾದ ಮುಂದಿನ ಸಾಲಿನ ದೊಡ್ಡಾಳುಗಳಿಗೆ ಉಸಿರಾಡಲು ಹೊತ್ತು ಸಿಗುತ್ತದೆ. ತಂಡದ ಒದೆತಗಾರ ನೇಥನ್ ಕ್ಲಿಯರಿಗೆ ಇನ್ನಷ್ಟು ಮುಂದಿನಿಂದ ಒದೆಯಲು ಸಿಗುತ್ತದೆ, ಎದುರಾಳಿ ಮೂಲೆಗೆ ಸಿಕ್ಕಿಬೀಳುತ್ತಾನೆ. ಅಂಕ ಬೀಳುವುದು ಬೇರೆಯವರ ಹೆಸರಿಗೆ. ಪೆನ್ರಿತ್ 2021ರಿಂದ 2024ರವರೆಗೆ ಸತತ ನಾಲ್ಕು ಸಲ ಗೆದ್ದಿತು. 2022ರ ಫೈನಲ್‌ನಲ್ಲಿ ಚರ್ಚಿಲ್ ಪದಕ ಎಡ್ವರ್ಡ್ಸ್‌ಗೇ ಬಂತು. ಆದರೂ ನ್ಯೂ ಸೌತ್ ವೇಲ್ಸ್ ರಾಜ್ಯ ತಂಡದಲ್ಲಿ ಅವನು ಆಡಿದ್ದು 2024ರಲ್ಲಿ.

ಇದಕ್ಕೆ ತದ್ವಿರುದ್ಧ ಮ್ಯಾನ್ಲಿ ತಂಡದ ಟಾಮ್ ಟ್ರಬೊಯೆವಿಚ್. 2021ರಲ್ಲಿ ಅವನು ಗಾಯಗೊಂಡಿದ್ದಾಗ ತಂಡ ಮೊದಲ ನಾಲ್ಕು ಪಂದ್ಯ ಸೋತಿತ್ತು. ಅವನು ಮರಳಿದ ಮೇಲೆ ಕೊನೆಯ ನಾಲ್ಕರ ಹಂತ ತಲುಪಿತು, ವರ್ಷದ ಶ್ರೇಷ್ಠ ಆಟಗಾರನ ಡ್ಯಾಲಿ ಎಂ ಪದಕ ಅವನದಾಯಿತು. ಮರುವರ್ಷ ಮತ್ತೆ ಗಾಯ, ತಂಡ ಮೊದಲ ಎಂಟರೊಳಗೂ ಬರಲಿಲ್ಲ. ಅದ್ಭುತ ಆಟಗಾರ, ಸಂಶಯವಿಲ್ಲ. ತಂಡವನ್ನು ಹಾಗೆ ಒಬ್ಬನ ತೊಡೆಯ ಸ್ನಾಯುವಿಗೆ ಕಟ್ಟಿಹಾಕುವುದು ಮಾತ್ರ ನನಗೆ ಸರಿಬರುವುದಿಲ್ಲ.

ಬ್ರಿಸ್ಬೇನ್‌ನವರಂತೂ ಡ್ಯಾರೆನ್ ಲಾಕ್ಯರ್ ಹೆಸರೆತ್ತದೆ ಬಿಡುವುದಿಲ್ಲ. ದೇಶದ ದೊಡ್ಡ ಫುಲ್‌ಬ್ಯಾಕ್ ಅನ್ನಿಸಿಕೊಂಡವನನ್ನು 2004ರಲ್ಲಿ ತರಬೇತುದಾರ ವೇಯ್ನ್ ಬೆನೆಟ್ ಮುಂದಿನ ಸಾಲಿಗೆ, ಚೆಂಡು ಹಂಚುವ ಜಾಗಕ್ಕೆ ತಂದ. ಓಟಕ್ಕಿಂತ ಅವನ ಕೈ, ಕಣ್ಣು ತಂಡಕ್ಕೆ ಹೆಚ್ಚು ಬೇಕಾಗಿತ್ತು. 2006ರಲ್ಲಿ ಅವನ ನಾಯಕತ್ವದಲ್ಲೇ ಬ್ರಿಸ್ಬೇನ್ ಗೆದ್ದಿತು. ಹಿಂದಿನ ಜಾಗದಲ್ಲಿ ಆಗ ಬೇರೊಬ್ಬ ಇದ್ದ.

ಈಗ ನಮ್ಮ ಅಂಕಣಕ್ಕೆ ಬರೋಣ. ಎಡ ಕಾರ್ನರ್ ಹುಡುಗಿ ರೈಡರ್ ಕಾಲಿಗೆ ಬೀಳುತ್ತಾಳೆ. ಪಕ್ಕದವಳು ಅದೇ ಗಳಿಗೆಯಲ್ಲಿ ನುಗ್ಗಿ ಸೊಂಟ ಹಿಡಿಯದಿದ್ದರೆ ರೈಡರ್ ಅವಳನ್ನೂ ಎಳೆದುಕೊಂಡು ಗೆರೆ ಮುಟ್ಟುತ್ತಾಳೆ. ಆಮೇಲೆ ಊರಿನವರು ಹೇಳುವುದು "ಕಾರ್ನರ್‌ನವಳು ಬಿಟ್ಟಳು" ಎಂದು. ಇನ್ನು ಕೆಲವು ರೈಡರ್‌ಗಳಿದ್ದಾರೆ, ಪಾಯಿಂಟ್ ತರುವುದಿಲ್ಲ. ಆದರೆ ಎದುರಾಳಿಗಳನ್ನು ಅತ್ತಿತ್ತ ಓಡಾಡಿಸಿ, ಸುಸ್ತು ಮಾಡಿ ಬರುತ್ತಾರೆ. ಅವರ ನಂತರ ಹೋದವನು ಎರಡು ಪಾಯಿಂಟ್ ತಂದು ಭುಜದ ಮೇಲೆ ಕೂರುತ್ತಾನೆ. ಪಾಯಿಂಟ್ ಲೆಕ್ಕದಿಂದಲೇ ಬಹುಮಾನ ಕೊಟ್ಟರೆ ಮುಂದಿನ ವರ್ಷ ಏಳಕ್ಕೆ ಏಳು ಮಂದಿಯೂ "ಸಾರ್, ನಾನು ರೈಡರ್" ಎಂದು ನಿಲ್ಲುತ್ತಾರೆ. ಕಾರ್ನರ್‌ಗೆ ಯಾರನ್ನು ಹಾಕುತ್ತೀರಿ?

ಸಂಘದವರಲ್ಲಿ ನನ್ನ ಕೋರಿಕೆ ಇಷ್ಟು. ಈ ವರ್ಷದ ಬಹುಮಾನವನ್ನು ಪಾಯಿಂಟ್ ಪಟ್ಟಿಯೊಂದರಿಂದಲೇ ನಿರ್ಧರಿಸಬೇಡಿ. ಮೊದಲು ಹಿಡಿದವರು ಯಾರು, ನೆರವಿಗೆ ನುಗ್ಗಿದವರು ಯಾರು, ಯಾರ ರೈಡ್ ಆದ ಮೇಲೆ ಮುಂದಿನವರಿಗೆ ಪಾಯಿಂಟ್ ಸಿಕ್ಕಿತು, ಈ ಮೂರನ್ನೂ ಪ್ರತಿ ಪಂದ್ಯದಲ್ಲಿ ಬರೆದಿಡೋಣ. ಕಂಪ್ಯೂಟರ್ ಏನೂ ಬೇಡ, ಇನ್ನೂರು ಪುಟದ ನೋಟ್‌ಬುಕ್ಕಿಗೆ ನಾನೇ ಗೆರೆ ಹಾಕಿ ತಂದಿದ್ದೇನೆ. ಬರೆಯಲು ಒಂಬತ್ತನೇ ತರಗತಿಯಿಂದ ಇಬ್ಬರು ಬೇಕು. ಆಡದವರಾದರೂ ಪರವಾಗಿಲ್ಲ, ಆಟದ ಮೇಲಿಂದ ಕಣ್ಣು ತೆಗೆಯದವರಾಗಿರಬೇಕು. ಊಟಕ್ಕೆ ಮೊದಲು ಪಿ.ಟಿ. ಮೇಷ್ಟ್ರ ಹತ್ತಿರ ಹೆಸರು ಕೊಡಿ.