ಮೊನೆಯ ಆಯ್ಕೆ

ಕನ್ನಡ ಸಾಹಿತ್ಯವನ್ನು ಬೋಧಿಸಿ ನಿವೃತ್ತನಾದವನು ಸರ್ಕ್ಯೂಟ್ ಬೋರ್ಡಿನ ಮಾತೆತ್ತಿದರೆ ಕೇಳುಗರಿಗೆ ಆಶ್ಚರ್ಯವಾದೀತು. ಇದಕ್ಕೆ ಕಾರಣಳು ನನ್ನ ಮೊಮ್ಮಗಳು. ಅಜ್ಜಿಗೆ ಕಿವಿ ಮಂದವಾದ ಮೇಲೆ, ರೇಡಿಯೋದ ದನಿಯನ್ನು ಹಿಗ್ಗಿಸಿ ಕೇಳಿಸುವ ಪುಟ್ಟ ಉಪಕರಣವೊಂದನ್ನು ತಾನೇ ಮಾಡಿಕೊಡುವೆನೆಂದು ಹೊರಟವಳು ಅವಳು.

ತಾಮ್ರದ ತೆಳುಹಾಳೆ ಹೊದಿಸಿದ ಹಲಗೆಯೇ ಇಂಥ ಉಪಕರಣಕ್ಕೆ ಆಧಾರ. ಬೇಡದ ತಾಮ್ರವನ್ನು ಫೆರಿಕ್ ಕ್ಲೋರೈಡಿನಲ್ಲಿ ಕರಗಿಸುವುದು ಹಳೆಯ ಕ್ರಮ. ಈಗ ಗಣಕದ ಆಣತಿಯಂತೆ ಚಲಿಸುವ ಪುಟ್ಟ ಕೊರೆಯಂತ್ರಗಳು ಮನೆಗಳಿಗೂ ಬಂದಿವೆ. ಅವು ವಿದ್ಯುತ್ತು ಹರಿಯಬೇಕಾದ ದಾರಿಗಳ ಸುತ್ತ ಸಣ್ಣ ಕಾಲುವೆ ತೋಡಿ ಒಂದನ್ನೊಂದು ಬೇರ್ಪಡಿಸುತ್ತವೆ. ತಾಮ್ರದ ದಪ್ಪ ಸಾಮಾನ್ಯವಾಗಿ 35 ಮೈಕ್ರಾನ್ ಮಾತ್ರ. ಅದನ್ನು ಕೊರೆಯಲು ಎಂಥ ಬಿಟ್ ಬೇಕು?

ಅತ್ಯಂತ ಚೂಪಾದುದೇ ಎಂದು ನಾನು ತೀರ್ಪಿತ್ತೆ. 10 ಡಿಗ್ರಿ ಕೋನದ, ಸೂಜಿಯಂಥ ಬಿಟ್ ಬಂದಿತು. ಅರ್ಧ ದಾರಿಯಲ್ಲೇ ಅದರ ತುದಿ ಮುರಿಯಿತು. ಸಾಮಾನ್ಯ ಉಕ್ಕಿನದಾದರೆ ಹಲಗೆಯೊಳಗಿನ ಗಾಜಿನ ನಾರು ಅದನ್ನು ಬೇಗ ಮೊಂಡಾಗಿಸುತ್ತದೆ; ಆದ್ದರಿಂದ ಟಂಗ್‌ಸ್ಟನ್ ಕಾರ್ಬೈಡೇ ಬೇಕು. ಅದು ಬಲು ಗಟ್ಟಿ, ಆದರೆ ಬಾಗಲರಿಯದು. ಓಲೆಗರಿಯ ಮೇಲೆ ಕೊರೆಯುವ ಕಂಟದ ಮೊನೆ ಅತಿ ಹರಿತವಾದರೆ ಗರಿಯೇ ಸೀಳುವುದೆಂದು ತರಗತಿಯಲ್ಲಿ ಹೇಳುತ್ತಿದ್ದ ನಾನೇ ಹದದ ಮಾತನ್ನು ಮರೆತಿದ್ದೆ.

ಮುಂದೆ 60 ಡಿಗ್ರಿಯ ಬಿಟ್. ಇದು ಸದೃಢ; ಆದರೆ ಆಳವಾದಷ್ಟೂ ಅಗಲವಾಗುತ್ತದೆ. ತುದಿ 0.1 ಮಿಲಿಮೀಟರ್ ಇದ್ದರೆ, 0.1 ಆಳದಲ್ಲಿ ಕಾಲುವೆಯ ಅಗಲ ಸುಮಾರು 0.22, 0.2 ಆಳದಲ್ಲಿ 0.33. ನೋಡಲು ಸಮವಾಗಿದ್ದ ಹಲಗೆ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಉಬ್ಬಿತ್ತು. ಅಲ್ಲಿ ಮೊನೆ ಆಳಕ್ಕಿಳಿದು ತಾಮ್ರದ ದಾರಿಯನ್ನೇ ತಿಂದುಬಿಟ್ಟಿತು.

ಕೊನೆಗೆ ಅವಳು ಆರಿಸಿದ್ದು 30 ಡಿಗ್ರಿಯದನ್ನು. ಅದೇ ಆಳಗಳಲ್ಲಿ ಅದರ ಅಗಲ 0.15 ಮತ್ತು 0.21. ಹಲಗೆಯನ್ನು ಸಮತಲಕ್ಕೆ ಬಿಗಿಯಾಗಿ ಅಂಟಿಸಿ, ಎತ್ತರವನ್ನು ಹಲವೆಡೆ ಅಳೆದು ಕೊರೆದಳು. ಬಿಡಿಭಾಗಗಳ ಕಾಲು ತೂರಿಸಲು 0.8 ಮಿಲಿಮೀಟರಿನ ಡ್ರಿಲ್, ಅಂಚನ್ನು ಕತ್ತರಿಸಲು ನೇರ ಮೈಯ ಹಲ್ಲಿನ ಕಟರ್. ಒಂದೊಂದು ಕೆಲಸಕ್ಕೆ ಒಂದೊಂದು ಆಯುಧ.

ಒಂದು ಎಚ್ಚರಿಕೆ. ಕೊರೆದ ಪುಡಿಯನ್ನು ಅವಳು ಬಾಯಿಂದ ಊದುತ್ತಿದ್ದುದನ್ನು ಕಂಡು ನಾನು ಬೆಚ್ಚಿದೆ. ಅದರಲ್ಲಿದ್ದುದು ಗಾಜಿನ ನಾರಿನ ಧೂಳು, ಶ್ವಾಸಕೋಶಕ್ಕೆ ಸೇರತಕ್ಕದ್ದಲ್ಲ. ಅಂದಿನಿಂದ ಮುಖಗವಸು ಬಂದಿತು, ಧೂಳೆಳೆಯುವ ಯಂತ್ರ ಬಂದಿತು, ಕಾಗದ ಮತ್ತು ಫೀನಾಲಿಕ್ ರಾಳದಿಂದಾದ, ಗಾಜಿಲ್ಲದ ಹಲಗೆಯೂ ಬಂದಿತು. ಇದು ಬಿಟ್ಟನ್ನೂ ಅಷ್ಟಾಗಿ ಸವೆಸದು. ಅಜ್ಜಿಯ ಕಿವಿಗಾಗಿ ಮೊಮ್ಮಗಳ ಉಸಿರನ್ನು ತೆರುವುದುಂಟೆ?

ಉಪಕರಣ ಸಿದ್ಧವಾಗಿದೆ. ನನ್ನ ಈ ಮಾತುಗಳನ್ನು ನನ್ನ ಮಡದಿ ಅದರ ಮೂಲಕವೇ ಕೇಳುತ್ತಿರಬೇಕು. ನನ್ನ ಮೊದಲ ತೀರ್ಪು ತಪ್ಪಾಗಿತ್ತೆಂಬುದನ್ನೂ ಸ್ಪಷ್ಟವಾಗಿಯೇ ಕೇಳಿಸಿಕೊಂಡಿರುತ್ತಾಳೆ.