ಮಳೆಯ ಊರಿಗೆ ಗಂಟು ಕಟ್ಟುವಾಗ

(ಕಲಿಕಾ ಕೇಂದ್ರದಲ್ಲಿ ತಾಯಂದಿರ ಮುಂದೆ ಆಡಿದ ಮಾತು)



ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲೂಕಿನಿಂದ ಮುಂಬೈಗೆ, ಪುಣೆಗೆ ದುಡಿಯಲು ಹೋದವರು ಬಹಳ ಮಂದಿ ಇದ್ದಾರೆ. ಕೆಲವರು ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮಗಳು ಅಲ್ಲಿದ್ದರೆ ಬಾಣಂತನ ಮಾಡಲು ತಾಯಿ ಹೋಗುತ್ತಾಳೆ. ದೀಪಾವಳಿ ಆದ ಮೇಲೆ ಹೋದರೆ ಚಿಂತಿ ಇಲ್ಲ. ಆದರೆ ಮಳೆಗಾಲದಾಗ ಹೋಗಬೇಕಾದರೆ? ಆಗ ಗಂಟು ಕಟ್ಟುವ ರೀತಿಯೇ ಬೇರೆ. ಇವತ್ತು ಅದರ ಬಗ್ಗೆ ನಾಲ್ಕು ಮಾತು ಆಡೋಣ.

ನಮ್ಮ ಮಳೆ, ಅವರ ಮಳೆ

ನಮ್ಮ ಕಡೆ ಮಳೆ ಹೆಂಗ ಬರ್ತದ? ಒಂದು ತಾಸು ಜೋರಾಗಿ ಹೊಡೀತದ. ಆಮ್ಯಾಲ ಬಿಸಿಲು ಬೀಳ್ತದ. ತೊಯ್ದ ಸೀರಿ ಸಂಜಿಯೊಳಗ ಒಣಗ್ತದ. ಮುಂಬೈ ಮಳೆ ಹಾಂಗಲ್ಲ. ಜೂನ್ ತಿಂಗಳ ಎರಡನೇ ವಾರ ಶುರುವಾದರೆ ಸೆಪ್ಟೆಂಬರ್ ಮುಗಿಯುವ ತನಕ ಇರುತ್ತದೆ. ಕೆಲವು ಸಲ ನಾಲ್ಕೈದು ದಿನ ಬಿಸಿಲೇ ಕಾಣುವುದಿಲ್ಲ.

ಯಾಕೆ ಹೀಗೆ? ಮೋಡ ಅರಬ್ಬಿ ಸಮುದ್ರದಿಂದ ಬರುತ್ತವೆ. ಸಹ್ಯಾದ್ರಿ ಬೆಟ್ಟ ಅಡ್ಡ ನಿಲ್ಲುತ್ತದೆ. ಮೋಡ ಮೇಲೆ ಏರಿ ತಣ್ಣಗಾಗುತ್ತವೆ. ನೀರು ಬಹಳಷ್ಟು ಆ ಕಡೆಯೇ ಸುರಿಯುತ್ತದೆ. ಬೆಟ್ಟ ದಾಟಿ ನಮ್ಮ ಕಡೆ ಬರುವಾಗ ಮೋಡದಲ್ಲಿ ನೀರು ಕಡಿಮೆ ಇರುತ್ತದೆ.

ಲೆಕ್ಕ ಕೇಳ್ರಿ. ಕಲಬುರಗಿಯಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ 800 ಮಿಲಿ ಮೀಟರ್ ಹತ್ತಿರ. ಮುಂಬೈಯ ಸಾಂತಾಕ್ರೂಜ್‌ನಲ್ಲಿ ಜುಲೈ ಒಂದೇ ತಿಂಗಳು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಬೀಳುತ್ತದೆ. 2005ರ ಜುಲೈ 26ರಂದು ಅಲ್ಲಿ ಒಂದೇ ದಿನದಲ್ಲಿ 944 ಮಿಲಿ ಮೀಟರ್ ಮಳೆ ಸುರಿಯಿತು. ನಮ್ಮ ಒಂದು ವರ್ಷದ ಮಳೆ ಅಲ್ಲಿ ಒಂದೇ ದಿನ ಬಂತು! ರೈಲು ನಿಂತವು. ಮನೆಗಳಲ್ಲಿ ನೀರು ಹೊಕ್ಕಿತು. ನೂರಾರು ಜನ ಸತ್ತರು.

ಅದಕ್ಕೇ ಗಂಟು ಕಟ್ಟುವಾಗ ಎರಡು ಪ್ರಶ್ನೆ ಕೇಳಿಕೊಳ್ಳಿ.

ಇದು ತೊಯ್ದರೆ ಬೇಗ ಒಣಗ್ತದೇನು?

ಇದು ತೊಯ್ದು ಕೆಟ್ಟರೆ ಮತ್ತೆ ಸಿಗ್ತದೇನು?

ಉಡುವುದು, ಹೊದೆಯುವುದು

ಇಳಕಲ್ಲ ಸೀರೆ ನಮಗೆ ಚಂದ. ಆದರೆ ದಪ್ಪ ನೂಲಿನ ಸೀರೆ ತೊಯ್ದರೆ ಆ ಹವೆಯಲ್ಲಿ ಎರಡು ಮೂರು ದಿನ ಒಣಗುವುದಿಲ್ಲ. ವಾಸನೆ ಬರುತ್ತದೆ. ಬೂಷ್ಟು ಹಿಡಿಯುತ್ತದೆ. ಹೊರಗೆ ಹೋಗಲು ತೆಳು ಪಾಲಿಸ್ಟರ್ ಸೀರೆ ಎರಡು ಇರಲಿ. ಅದು ಬೇಗ ಒಣಗುತ್ತದೆ. ಆದರೆ ಒಲೆಯ ಮುಂದೆ ಅದನ್ನು ಉಡಬೇಡಿ. ಬೆಂಕಿ ತಗುಲಿದರೆ ಅದು ಕರಗಿ ಮೈಗೆ ಅಂಟುತ್ತದೆ. ಅಡಿಗೆ ಮಾಡುವಾಗ ಹಳೆಯ ನೂಲಿನ ಸೀರೆಯೇ ಒಳ್ಳೆಯದು.

ಮುಟ್ಟಿನ ಬಟ್ಟೆಯ ಮಾತು ಹೇಳಲು ನಾಚಿಕೆ ಬೇಡ. ಬಿಸಿಲು ಇಲ್ಲದ ಊರಿನಲ್ಲಿ ಆ ಬಟ್ಟೆ ಒಣಗುವುದೇ ಕಷ್ಟ. ಹಸಿ ಬಟ್ಟೆ ಕಟ್ಟಿಕೊಂಡರೆ ತುರಿಕೆ ಬರುತ್ತದೆ, ಹುಣ್ಣು ಆಗುತ್ತದೆ. ಇಲ್ಲಿಗಿಂತ ಎರಡು ಪಟ್ಟು ಬಟ್ಟೆ ಒಯ್ಯಿರಿ. ಇಲ್ಲವೇ ಅಂಗಡಿಯ ಪ್ಯಾಡ್ ಒಯ್ಯಿರಿ. ಅದಕ್ಕೂ ಸ್ವಲ್ಪ ರೊಕ್ಕ ಬೇರೆ ಇಡಿ.

ಕೌದಿ ಬಿಟ್ಟು ನಮಗೆ ನಿದ್ದೆ ಬರುವುದಿಲ್ಲ, ಖರೆ. ಆದರೆ ನಾಲ್ಕು ಪದರಿನ ಕೌದಿ ನೀರು ಕುಡಿದರೆ ಒಬ್ಬರಿಂದ ಎತ್ತಲು ಆಗದು. ಒಂದು ತೆಳು ಕೌದಿ, ಒಂದು ಕಂಬಳಿ ಸಾಕು. ಕುರಿ ಉಣ್ಣೆಯ ಕಂಬಳಿ ಸ್ವಲ್ಪ ತೊಯ್ದರೂ ಬೆಚ್ಚಗೆ ಇರುತ್ತದೆ.

ಒಂದು ತಾಡಪತ್ರಿ ಇರಲಿ. ಮೇಲೆ ಸೋರಿದರೆ ಮೇಲೆ ಕಟ್ಟಬಹುದು. ನೆಲ ಹಸಿ ಆದರೆ ಕೆಳಗೆ ಹಾಸಬಹುದು. ಹತ್ತು ಮಾರು ನೈಲಾನ್ ಹಗ್ಗ ಇರಲಿ. ಒಳಗೆ ಕಟ್ಟಿ ಬಟ್ಟೆ ಹಾಕಬಹುದು. ಸೊಳ್ಳೆ ಪರದೆ ಮರೆಯಬೇಡಿ. ಮಳೆಗಾಲದಲ್ಲಿ ಅಲ್ಲಿ ಮಲೇರಿಯಾ, ಡೆಂಗಿ ಹೆಚ್ಚು.

ಕಾಲಿಗೆ ಏನು?

ತೊಗಲಿನ ಚಪ್ಪಲಿ ಮನೆಯಲ್ಲೇ ಇಡಿ. ನೀರಿನಲ್ಲಿ ಅದು ಕೊಳೆಯುತ್ತದೆ. ಹಿಂದೆ ಪಟ್ಟಿ ಇರುವ ರಬ್ಬರ್ ಅಥವಾ ಪ್ಲಾಸ್ಟಿಕ್ ಚಪ್ಪಲಿ ಕೊಳ್ಳಿ. ನೀರಿನ ಸೆಳವಿಗೆ ಅದು ಕಾಲು ಬಿಟ್ಟು ಹೋಗುವುದಿಲ್ಲ. ರಾತ್ರಿ ಬೆರಳಿನ ಸಂದಿ ಒರೆಸಿಕೊಳ್ಳಲು ಒಂದು ಒಣ ಬಟ್ಟೆ ಬೇರೆ ಇಡಿ.

ಇದು ಬರೇ ಕಾಲಿನ ಮಾತಲ್ಲ, ಜೀವದ ಮಾತು. ರಸ್ತೆಯಲ್ಲಿ ನಿಂತ ನೀರಿನಲ್ಲಿ ಇಲಿಗಳ ಮೂತ್ರ ಕೂಡಿರುತ್ತದೆ. ಕಾಲಿಗೆ ಗಾಯ ಇದ್ದರೆ ರೋಗಾಣು ಒಳಗೆ ಹೋಗುತ್ತವೆ. ಇದೇ ಇಲಿ ಜ್ವರ. 2005ರ ಪ್ರವಾಹದ ನಂತರ ಮುಂಬೈಯಲ್ಲಿ ಇದು ಬಹಳ ಜನಕ್ಕೆ ಬಂತು. ಜೋರು ಜ್ವರ ಬರುತ್ತದೆ. ಮೀನಖಂಡ ನೋಯುತ್ತವೆ. ಕಣ್ಣು ಕೆಂಪಾಗುತ್ತವೆ. ಹೀಗಾದರೆ ಮನೆಯಲ್ಲಿ ಕಾಯಬೇಡಿ. ಅದೇ ದಿನ ಸರ್ಕಾರಿ ದವಾಖಾನೆಗೆ ಹೋಗಿ. “ನೀರಿನಾಗ ನಡೆದೀನಿ” ಅಂತ ಡಾಕ್ಟರಿಗೆ ಮೊದಲೇ ಹೇಳಿ. ವೇಳೆಗೆ ಔಷಧ ಸಿಕ್ಕರೆ ಇದು ವಾಸಿ ಆಗುತ್ತದೆ.

ಮೊಣಕಾಲ ಮಟ ನೀರು ಇದ್ದರೆ ಮಕ್ಕಳನ್ನು ಕರೆದುಕೊಂಡು ಇಳಿಯಬೇಡಿ. ಕೆಳಗೆ ಗಟಾರದ ಬಾಯಿ ತೆರೆದಿರಬಹುದು. ಮೇಲಿಂದ ಕಾಣುವುದಿಲ್ಲ.

ಬುತ್ತಿ

ಕಟಕ ರೊಟ್ಟಿ ನಮ್ಮ ಊರಾಗ ತಿಂಗಳುಗಟ್ಟಲೆ ಇರ್ತದ. ಅಲ್ಲಿ ಇರೋದಿಲ್ರಿ. ಹಸಿ ಹವಾಕ್ಕ ಮೆತ್ತಗಾಗಿ ಬೂಷ್ಟು ಬರ್ತದ. ಬೂಷ್ಟು ಬಂದ ರೊಟ್ಟಿ ಝಾಡಿಸಿ ತಿನ್ನಬ್ಯಾಡ್ರಿ. ಎಂಟು ದಿನಕ್ಕೆ ಆಗುವಷ್ಟು ಒಯ್ಯಿರಿ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಶೇಂಗಾ ಹಿಂಡಿ, ಉಪ್ಪು, ಖಾರಪುಡಿ, ಕಡ್ಡಿಪೆಟ್ಟಿಗೆ ಇವಕ್ಕೂ ಡಬ್ಬಿ ಬೇಕು. ಜೋಳದ ಹಿಟ್ಟು ಬಹಳ ಒಯ್ಯಬೇಡಿ. ಕಾಳು ಒಯ್ಯಿರಿ. ಜೋಳದ ಭಕ್ರಿ ಮಹಾರಾಷ್ಟ್ರದವರೂ ತಿನ್ನುತ್ತಾರೆ. ಗಿರಣಿ ಅಲ್ಲೂ ಇವೆ.

ಮಕ್ಕಳಿಗೆ ಭೇದಿ ಆದರೆ ಎಂದು ಓ.ಆರ್.ಎಸ್. ಪುಡಿ ನಾಲ್ಕು ಪಾಕೀಟು ಇರಲಿ. ಆಶಾ ಕಾರ್ಯಕರ್ತೆಯನ್ನು ಕೇಳಿ. ಅಲ್ಲಿ ನೀರು ಕಾಸಿ ಆರಿಸಿ ಕುಡಿಯಿರಿ.

ಕಾಗದ ಪತ್ರ

ಈಗ ಎರಡನೇ ಪ್ರಶ್ನೆ. ಸೀರೆ ಹೋದರೆ ಸೀರೆ ಸಿಗುತ್ತದೆ. ಕಾಗದ ಹೋದರೆ? ಊರಿಗೆ ಬಂದು ಎಷ್ಟು ಸಲ ಅಲೆಯಬೇಕು! ಒಂದು ದಿನ ಅಲೆದರೆ ಒಂದು ದಿನದ ಕೂಲಿ ಹೋಯಿತು.

ರೇಷನ್ ಕಾರ್ಡು, ಆಧಾರ್ ಕಾರ್ಡು, ಬ್ಯಾಂಕ್ ಪಾಸ್ ಬುಕ್ ಇವು ಬೇಕೇ ಬೇಕು. ಬಸುರಿ ಇದ್ದರೆ, ಸಣ್ಣ ಕೂಸು ಇದ್ದರೆ ತಾಯಿ ಕಾರ್ಡು ಬೇಕು. ಯಾವ ಚುಚ್ಚುಮದ್ದು ಆಗಿದೆ, ಯಾವುದು ಆಗಿಲ್ಲ ಎಂದು ಅದನ್ನು ನೋಡಿಯೇ ತಿಳಿಯಬೇಕು.

ರೇಷನ್ ಕಾರ್ಡು ಅಲ್ಲಿ ಯಾಕೆ ಅಂತೀರಾ? 2020ರ ಜನವರಿ 1ರಂದು ಕರ್ನಾಟಕ, ಮಹಾರಾಷ್ಟ್ರ ಎರಡೂ ‘ಒಂದು ದೇಶ ಒಂದು ರೇಷನ್ ಕಾರ್ಡ್’ ಯೋಜನೆಗೆ ಸೇರಿದವು. ಕಾರ್ಡಿಗೆ ಆಧಾರ್ ಜೋಡಿಸಿರಬೇಕು. ಅಲ್ಲಿಯ ರೇಷನ್ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿ ಧಾನ್ಯ ತಗೋಬಹುದು.

ಎಲ್ಲ ಕಾಗದದ ಝೆರಾಕ್ಸ್ ತೆಗೆಸಿ ಮನೆಯಲ್ಲಿ ಇಡಿ. ಮೂಲ ಕಾಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಬಾಯಿ ಮಡಚಿ ಕಟ್ಟಿ. ಅದನ್ನು ಇನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ದೊಡ್ಡ ಗಂಟಿನಲ್ಲಿ ಇಡಬೇಡಿ. ನಿಮ್ಮ ಹೆಗಲ ಚೀಲದಲ್ಲೇ ಇರಲಿ.

ವಿಳಾಸ ಯಾರ ಹತ್ತಿರ?

ಇಲ್ಲಿ ತನಕ ವಿಳಾಸ ಗಂಡಸರ ಕಿಸೆಯಲ್ಲಿ ಇತ್ತು. ಮೊಬೈಲೂ ಅವರ ಕೈಯಲ್ಲೇ. ಮುಂಬೈ ಲೋಕಲ್ ರೈಲಿನಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಡಬ್ಬಿ ಇರುತ್ತದೆ. ಅವರು ಒಂದು ಡಬ್ಬಿ, ನೀವು ಒಂದು ಡಬ್ಬಿ. ಹೊರಗೆ ಮಳೆ. ಯಾವ ಸ್ಟೇಶನ್ನಿನಲ್ಲಿ ಇಳಿಯಬೇಕು ಗೊತ್ತಿಲ್ಲ. ಮೊಬೈಲು ತೊಯ್ದು ಸತ್ತಿದೆ. ಆಗ ಏನು ಮಾಡ್ತೀರಿ?

ಅದಕ್ಕೇ ನಿಮ್ಮ ಕೈಯಿಂದಲೇ ಒಂದು ಚೀಟಿ ಬರೆಯಿರಿ. ನಿಮ್ಮ ಹೆಸರು, ಊರು, ತಾಲೂಕು ಬರೆಯಿರಿ. ಇಳಿಯುವ ಸ್ಟೇಶನ್ ಹೆಸರು ಬರೆಯಿರಿ. ಕಲ್ಯಾಣವೋ, ಠಾಣೆಯೋ, ದಾದರವೋ? ಇರುವ ಜಾಗದ ವಿಳಾಸ ಬರೆಯಿರಿ. ಇಬ್ಬರ ಫೋನ್ ನಂಬರ್ ಬರೆಯಿರಿ. ಅಲ್ಲಿ ಬೋರ್ಡು ಕನ್ನಡದಲ್ಲಿ ಇರುವುದಿಲ್ಲ. ಚೀಟಿಯ ಹಿಂದೆ ಅದನ್ನೇ ಮರಾಠಿಯಲ್ಲಿ ಬರೆಸಿರಿ. ಬಲ್ಲವರು ನಮ್ಮ ಗಡಿ ಹಳ್ಳಿಗಳಲ್ಲಿ ಇದ್ದಾರೆ. ಆಪತ್ತಿಗೆ 112 ಎಂದು ಬರೆಯಿರಿ. ಮುಂಬೈಯಲ್ಲಿ ಮಳೆ ನೀರಿನ ಆಪತ್ತಿಗೆ ಮಹಾನಗರಪಾಲಿಕೆಯ ನಂಬರ್ 1916.

ಚೀಟಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ನಿಮ್ಮ ಸಂಚಿಯಲ್ಲಿ ಇಡಿ. ಎಲೆ ಅಡಿಕೆ ಜೊತೆ ಅದೂ ಇರಲಿ. ಮಗುವಿನ ಅಂಗಿಯ ಕಿಸೆಯಲ್ಲೂ ಒಂದು ಚೀಟಿ ಇರಲಿ.

ಛತ್ರಿ ಮೇಲೆ ಇರಲಿ

ಆಳಂದದ ಕೆಲವರು ಸೊಲ್ಲಾಪುರಕ್ಕೆ ಬಸ್ಸಿನಲ್ಲಿ ಹೋಗಿ ರೈಲು ಹತ್ತುತ್ತಾರೆ. ಅಫಜಲಪುರದವರಿಗೆ ಗಾಣಗಾಪುರ ರೋಡ್, ದುಧನಿ ಸ್ಟೇಶನ್ ಇವೆ. ಜೇವರ್ಗಿಯವರು ಕಲಬುರಗಿಗೆ ಬರುತ್ತಾರೆ. ಹತ್ತುವಾಗ ಬಿಸಿಲು ಇರಬಹುದು. ಪುಣೆ ದಾಟಿ ಲೋಣಾವಳಾ ಘಟ್ಟ ಇಳಿಯುವಾಗಲೇ ಮಳೆ ಸಿಗುತ್ತದೆ. ಛತ್ರಿ ಗಂಟಿನ ತಳದಲ್ಲಿ ಇದ್ದರೆ ಏನು ಉಪಯೋಗ? ಛತ್ರಿ, ಬ್ಯಾಟರಿ, ಮಗುವಿಗೆ ಒಂದು ಜೊತೆ ಒಣ ಬಟ್ಟೆ ಇವನ್ನು ಎಲ್ಲಕ್ಕಿಂತ ಮೇಲೆ ಇಡಿ. ಇಳಿದ ಕೂಡಲೇ ಬೇಕಾಗುವವು ಇವೇ.

ಕಟ್ಟುವ ಮೊದಲು ಎಲ್ಲ ಬಟ್ಟೆಗೆ ಒಂದು ದಿನ ನಮ್ಮ ಊರ ಬಿಸಿಲು ತೋರಿಸಿ. ಆ ಬಿಸಿಲು ಅಲ್ಲಿ ಸಿಗುವುದಿಲ್ಲ.

ಈಗ ಪಾಟಿ ತಗೊಳ್ರಿ. ಹೋಗುವವರೂ ಬರೀರಿ, ಹೋಗದವರೂ ಬರೀರಿ. ನಾಳೆ ನಿಮ್ಮ ಮಗಳು ಹೋಗಬಹುದು.

ಛತ್ರಿ. ತಾಡಪತ್ರಿ. ಹಗ್ಗ. ಕಂಬಳಿ. ಸೊಳ್ಳೆ ಪರದೆ. ರಬ್ಬರ್ ಚಪ್ಪಲಿ. ಒಣ ಬಟ್ಟೆ. ಡಬ್ಬಿ. ಬ್ಯಾಟರಿ. ರೇಷನ್ ಕಾರ್ಡು. ತಾಯಿ ಕಾರ್ಡು. ವಿಳಾಸದ ಚೀಟಿ.

ಬರೆದಾದ ಮೇಲೆ ಪಕ್ಕದ ಅಕ್ಕನಿಗೆ ಓದಿ ಹೇಳಿ. ಏನು ಬಿಟ್ಟಿದೆ ಎಂದು ಅವಳು ಹೇಳಲಿ. ಅದನ್ನೂ ಸೇರಿಸಿ. ಹೋಗುವಾಗ ಈ ಪಟ್ಟಿ ನೋಡಿ ಗಂಟು ಕಟ್ಟಿ. ತಿರುಗಿ ಬರುವಾಗಲೂ ಇದೇ ಪಟ್ಟಿ ನೋಡಿ ಕಟ್ಟಿ. ಹೋದ ಸಾಮಾನು, ಹೋದ ಮಂದಿ ಎಲ್ಲ ಸುಖವಾಗಿ ಮನೆಗೆ ಬರಲಿ.